ಓದುಗರ ಪ್ರಶ್ನೆ: ಕುಸ್ತೊ ಮನೆತನದ ಕಡಲ ಕೆಲಸ

ಪ್ರಶ್ನೆ: ಫ್ರಾನ್ಸಿನ ಕಡಲ ಅನ್ವೇಷಕ, ಚಿತ್ರ ನಿರ್ಮಾಪಕ ಜಾಕ್ ಈವ್ ಕುಸ್ತೊ ತೀರಿಕೊಂಡ ಮೇಲೆ ಅವರ ಕೆಲಸ ಯಾರ ಕೈಗೆ ಬಂತು? ಅದೇ ಹೆಸರಿನವರ ಸಂಸ್ಥೆಗಳು ಹಲವು ಇವೆ. ಅಸಲಿ ಯಾವುದು?

ಎಲ್ಲವೂ ಅಸಲಿಯೇ. ಕುಸ್ತೊ 1973ರಲ್ಲಿ ಕಟ್ಟಿದ ಕುಸ್ತೊ ಸೊಸೈಟಿಯ ಹೊಣೆ, 1997ರಲ್ಲಿ ಅವರು ತೀರಿಕೊಂಡ ಮೇಲೆ, ಎರಡನೆಯ ಹೆಂಡತಿ ಫ್ರಾನ್ಸೀನ್ ಅವರಿಗೆ ಹೋಯಿತು. ಹಿರಿಯ ಮಗ ಜಾನ್ ಮಿಷೆಲ್ 1999ರಲ್ಲಿ ಓಷನ್ ಫ್ಯೂಚರ್ಸ್ ಸೊಸೈಟಿ ಆರಂಭಿಸಿದರು. ಎರಡನೆಯ ಮಗ ಫಿಲಿಪ್ 1979ರ ಜೂನ್‌ನಲ್ಲಿ ಲಿಸ್ಬನ್ ಬಳಿ ಸಮುದ್ರ ವಿಮಾನ ಅಪಘಾತದಲ್ಲಿ ತೀರಿಹೋದರು. ಅವರ ಮಕ್ಕಳಾದ ಅಲೆಕ್ಸಾಂಡ್ರಾ ಮತ್ತು ಕಿರಿಯ ಫಿಲಿಪ್ ತಂದೆಯ ನೆನಪಿಗೆ ಅರ್ಥ್‌ಎಕೊ ಸಂಸ್ಥೆ ಕಟ್ಟಿದರು. ಈ ಕಿರಿಯ ಫಿಲಿಪ್ ಹುಟ್ಟಿದ್ದೇ ತಂದೆ ಸತ್ತ ಮೇಲೆ, 1980ರಲ್ಲಿ. ಜಾನ್ ಮಿಷೆಲ್ ಅವರ ಮಕ್ಕಳು ಫಾಬಿಯಾನ್ ಮತ್ತು ಸೆಲೀನ್ ತಮ್ಮದೇ ದಾರಿ ಹಿಡಿದಿದ್ದಾರೆ.

ಕುಸ್ತೊ ಎಂಬ ಹೆಸರನ್ನು ಬಳಸುವ ಹಕ್ಕಿನ ಬಗ್ಗೆ ತಂದೆ ಮಗನ ನಡುವೆಯೇ 1990ರ ದಶಕದಲ್ಲಿ ವ್ಯಾಜ್ಯ ನಡೆದಿತ್ತು. ಫಿಜಿಯಲ್ಲಿದ್ದ ಮಗನ ರೆಸಾರ್ಟ್‌ಗೆ ಬರೀ ಕುಸ್ತೊ ಎಂದು ಹಾಕದೆ ಜಾನ್ ಮಿಷೆಲ್ ಕುಸ್ತೊ ಎಂದು ಪೂರ್ತಿ ಹೆಸರು ಹಾಕುವುದೆಂದು ಕೊನೆಗೆ ತೀರ್ಮಾನವಾಯಿತು. ಹಾಗಾಗಿ ಹೆಸರು ನೋಡಿ ಸಂಸ್ಥೆಯನ್ನು ಅಳೆಯಬೇಡಿ, ಅದು ನೀರಿನಲ್ಲಿ ಏನು ಮಾಡಿದೆ ಎಂದು ಕೇಳಿ. ಜಾನ್ ಮಿಷೆಲ್ ವಾಯವ್ಯ ಹವಾಯಿ ದ್ವೀಪಗಳ ಕುರಿತು ಮಾಡಿದ ಚಿತ್ರ 2006ರ ಏಪ್ರಿಲ್‌ನಲ್ಲಿ ಶ್ವೇತಭವನದಲ್ಲಿ ಪ್ರದರ್ಶನವಾಯಿತು. ಜೂನ್‌ನಲ್ಲಿ ಅಧ್ಯಕ್ಷ ಬುಷ್ ಸುಮಾರು 3,60,000 ಚದರ ಕಿಲೋಮೀಟರ್ ಕಡಲನ್ನು ರಕ್ಷಿತ ಪ್ರದೇಶವೆಂದು ಘೋಷಿಸಿದರು. ಅದು ಒಂದೇ ಚಿತ್ರದ ಫಲ ಎನ್ನುವುದು ಅತಿಯಾದೀತು, ವಿಜ್ಞಾನಿಗಳೂ ಸ್ಥಳೀಯರೂ ವರ್ಷಗಳಿಂದ ಒತ್ತಾಯಿಸುತ್ತಿದ್ದರು. ಆದರೆ ನಿರ್ಧಾರ ಮಾಡುವವರ ಕಣ್ಣಿಗೆ ಕಡಲನ್ನು ತಂದು ತೋರಿಸುವುದು ಈ ಮನೆತನದ ಹಳೆಯ ವಿದ್ಯೆ.

ಪ್ರಶ್ನೆ: 2014ರಲ್ಲಿ ಮೊಮ್ಮಗ ಫಾಬಿಯಾನ್ 31 ದಿನ ನೀರಿನಡಿ ಉಳಿದರಲ್ಲ, ಅದು ದಾಖಲೆಗಾಗಿ ಮಾಡಿದ್ದೇ? ದಿನವೂ ಮೇಲಿಂದ ಮುಳುಗಿ ಬಂದಿದ್ದರೆ ಸಾಲುತ್ತಿರಲಿಲ್ಲವೇ?

ದಿನಗಳ ಲೆಕ್ಕದಲ್ಲಿ ಅಜ್ಜನಿಗೆ ಗೌರವ ಸಲ್ಲಿಸುವ ಉದ್ದೇಶ ಇದ್ದದ್ದು ನಿಜ. 1963ರಲ್ಲಿ ಸುಡಾನಿನ ಶಾಬ್ ರೂಮಿ ಹವಳ ದಿಬ್ಬದಲ್ಲಿ, ಹತ್ತು ಮೀಟರ್ ಆಳದ ಮನೆಯಲ್ಲಿ ಕುಸ್ತೊ ತಂಡದವರು ಒಂದು ತಿಂಗಳು ಬಾಳಿದ್ದರು. ಮೊಮ್ಮಗನ ತಂಡ ಫ್ಲಾರಿಡಾದ ಕೀ ಲಾರ್ಗೊ ಬಳಿ, ಸುಮಾರು 19 ಮೀಟರ್ ಆಳದ ಅಕ್ವೇರಿಯಸ್ ಎಂಬ ನೀರಿನಡಿಯ ಸಂಶೋಧನಾ ನೆಲೆಯಲ್ಲಿ ಇನ್ನೊಂದು ದಿನ ಹೆಚ್ಚಿಗೆ ಉಳಿಯಿತು.

ಆದರೆ ಕೆಲಸದ ಕಾರಣವೂ ಗಟ್ಟಿಯಾಗಿದೆ. ಒತ್ತಡದಲ್ಲಿ ಉಸಿರಾಡುವಾಗ ಗಾಳಿಯ ಸಾರಜನಕ ರಕ್ತಕ್ಕೂ ಕೊಬ್ಬಿಗೂ ಕರಗಿ ಸೇರುತ್ತದೆ. ಮೇಲಿಂದ 20 ಮೀಟರ್‌ಗೆ ಇಳಿದವರು ಸುಮಾರು ಮುಕ್ಕಾಲು ಗಂಟೆಯೊಳಗೆ ಹೊರಟರೆ ಮಾತ್ರ ದಾರಿಯಲ್ಲಿ ತಂಗುವ ಕಡ್ಡಾಯವಿಲ್ಲದೆ ಮೇಲೆ ಬರಬಹುದು. ಅದನ್ನು ಮೀರಿದವರು ಏರುವಾಗ ಅಲ್ಲಲ್ಲಿ ನಿಲ್ಲಲೇಬೇಕು. ಇಲ್ಲದಿದ್ದರೆ ಕರಗಿದ ಸಾರಜನಕ ಗುಳ್ಳೆಗಟ್ಟಿ ಕೀಲು, ಬೆನ್ನುಹುರಿ, ಮಿದುಳಿಗೆ ಪೆಟ್ಟು ಕೊಡುತ್ತದೆ. ನೀರಿನಡಿಯೇ ಉಳಿದವರಿಗೆ ಸುಮಾರು ಒಂದು ದಿನದಲ್ಲಿ ದೇಹ ಹಿಡಿಯಬಹುದಾದಷ್ಟು ಸಾರಜನಕ ತುಂಬಿಬಿಡುತ್ತದೆ. ಆಮೇಲೆ ಒಂದು ವಾರ ಇರಲಿ, ಒಂದು ತಿಂಗಳು ಇರಲಿ, ಹಿಂತಿರುಗಲು ಬೇಕಾದ ಸಮಯ ಅಷ್ಟೇ. ದಿನಕ್ಕೆ ಗಂಟೆಗಟ್ಟಲೆ ಹವಳದ ಮುಂದೆ ಕುಳಿತು ಅಳತೆ ತೆಗೆಯಬಹುದು. ಬೆಳಗಿನ ಮೀನು ಯಾವುದು, ನಸುಕತ್ತಲಲ್ಲಿ ಬೇಟೆಗೆ ಬರುವುದು ಯಾವುದು ಎಂಬ ಪ್ರಶ್ನೆಗೆ ಉತ್ತರ ಸಿಗುವುದು ಹೀಗೆ.

ಇದಕ್ಕೆ ತೆರಬೇಕಾದ ಬೆಲೆ ಇದೆ. ನೆಲೆಯೊಳಗಿನ ಗಾಳಿಯ ಒತ್ತಡ ಕಡಲ ಮೇಲ್ಮೈಯ ಗಾಳಿಯ ಒತ್ತಡದ ಸುಮಾರು ಎರಡೂವರೆ ಪಟ್ಟು. ಉಸಿರಿನ ಇಂಗಾಲದ ಡೈಆಕ್ಸೈಡನ್ನು ರಾಸಾಯನಿಕದಿಂದ ಹೀರಿ ತೆಗೆಯುತ್ತಲೇ ಇರಬೇಕು. ಬೆಂಕಿ ಹಚ್ಚುವಂತಿಲ್ಲ. ಎಲ್ಲಕ್ಕಿಂತ ದೊಡ್ಡದು, ಹೊರಗೆ ಈಜುವಾಗ ಗಾಳಿ ಮುಗಿದರೆ ಮೇಲೆ ಓಡುವ ದಾರಿಯೇ ಇಲ್ಲ. ಮೇಲ್ಮೈ ಅವರ ಪಾಲಿಗೆ ಸಾವಿನ ದಾರಿ, ನೆಲೆಗೇ ಮರಳಬೇಕು. ಅದಕ್ಕೇ ಸಮುದ್ರತಳದಲ್ಲಿ ದಾರಿ ತೋರಿಸುವ ಹಗ್ಗಗಳನ್ನು ಎಳೆದಿರುತ್ತಾರೆ.

ಹೊರಬರುವ ಕ್ರಮ ಗಮನಿಸುವಂಥದ್ದು. ಬಾಗಿಲು ಮುಚ್ಚಿ, ಸುಮಾರು 17 ಗಂಟೆಗಳಲ್ಲಿ ಒಳಗಿನ ಒತ್ತಡವನ್ನು ನಿಧಾನವಾಗಿ ಮೇಲ್ಮೈಯ ಮಟ್ಟಕ್ಕೆ ಇಳಿಸುತ್ತಾರೆ. ದೇಹ ಸಾರಜನಕ ಬಿಟ್ಟುಕೊಟ್ಟ ಮೇಲೆ ಮತ್ತೆ ಒತ್ತಡ ಏರಿಸಿ ಬಾಗಿಲು ತೆರೆದು, ತಡಮಾಡದೆ ಈಜಿ ಮೇಲೆ ಬರುತ್ತಾರೆ. ಅಷ್ಟು ಕಡಿಮೆ ಹೊತ್ತಿನಲ್ಲಿ ಹೊಸದಾಗಿ ಅಪಾಯವಾಗುವಷ್ಟು ಸಾರಜನಕ ಸೇರುವುದಿಲ್ಲ.

ಪ್ರಶ್ನೆ: ನೀರಿನಡಿ ಉಸಿರಾಡಲು ಬೆನ್ನಿಗೆ ಕಟ್ಟಿಕೊಳ್ಳುವ ಸ್ಕೂಬಾ ಉಪಕರಣವನ್ನು ಕುಸ್ತೊ ಒಬ್ಬರೇ ಕಂಡುಹಿಡಿದರೇ?

ಇಲ್ಲ. ಉಸಿರೆಳೆದಾಗ ಮಾತ್ರ ಗಾಳಿ ಬಿಡುವ ಕವಾಟ ಎಂಜಿನಿಯರ್ ಎಮಿಲ್ ಗಾನ್ಯಾಂ ಅವರದು. ಯುದ್ಧಕಾಲದಲ್ಲಿ ಪೆಟ್ರೋಲ್ ಸಿಗದೆ ಅನಿಲದಿಂದ ಕಾರು ಓಡಿಸಲು ಅವರು ಮಾಡಿದ್ದ ಕವಾಟವನ್ನೇ ಮಾರ್ಪಡಿಸಿದರು. ಇಬ್ಬರನ್ನೂ ಸೇರಿಸಿದ್ದು ಕುಸ್ತೊ ಅವರ ಮೊದಲ ಹೆಂಡತಿ ಸಿಮೋನ್ ಅವರ ತಂದೆಯ ಕಂಪನಿಯ ನಂಟು. ಉಸಿರೆಳೆದಾಗ ರಬ್ಬರ್ ಪೊರೆ ಒಳಕ್ಕೆ ಬಾಗಿ ಸನ್ನೆಕೋಲನ್ನು ಒತ್ತುತ್ತದೆ, ಕವಾಟ ತೆರೆಯುತ್ತದೆ. ಪೊರೆಯ ಇನ್ನೊಂದು ಮಗ್ಗುಲಲ್ಲಿ ನೀರು ಇರುವುದರಿಂದ ಗಾಳಿ ಆ ಆಳದ ಒತ್ತಡದಲ್ಲೇ ಬರುತ್ತದೆ.

1943ರಲ್ಲಿ ಮಾರ್ನ್ ನದಿಯಲ್ಲಿ ನಡೆದ ಮೊದಲ ಪರೀಕ್ಷೆ ಕೈಕೊಟ್ಟಿತು. ಅಡ್ಡಲಾಗಿ ಮಲಗಿ ಈಜಿದರೆ ಸರಿ, ನೆಟ್ಟಗೆ ನಿಂತರೆ ಗಾಳಿ ತಾನಾಗಿ ಸೋರುತ್ತಿತ್ತು, ತಲೆಕೆಳಗಾದರೆ ಎಳೆಯಲು ಕಷ್ಟ. ಗಾಳಿ ಬಿಡುವ ತೂತಿಗೂ ಗಾಳಿ ಕೊಡುವ ಕವಾಟಕ್ಕೂ ನಡುವೆ ಇದ್ದ ಸುಮಾರು 15 ಸೆಂಟಿಮೀಟರ್ ಎತ್ತರದ ವ್ಯತ್ಯಾಸವೇ ಕಾರಣ. ಎರಡನ್ನೂ ಅಕ್ಕಪಕ್ಕ ತಂದಾಗ ದೋಷ ಹೋಯಿತು.

ಪ್ರಶ್ನೆ: ಹಳೆಯ ಚಿತ್ರದಲ್ಲಿ ಅವರ ತಂಡ ಹವಳಕ್ಕೆ ಡೈನಮೈಟ್ ಇಡುವುದನ್ನು ನೋಡಿ ಬೇಸರವಾಯಿತು.

ಬೇಸರ ಸರಿಯಾದದ್ದೇ. 1956ರಲ್ಲಿ ಕಾನ್ ಚಿತ್ರೋತ್ಸವದ ಅತ್ಯುನ್ನತ ಪ್ರಶಸ್ತಿ ಪಡೆದ ‘ದಿ ಸೈಲೆಂಟ್ ವರ್ಲ್ಡ್’ ಎಂಬ ಆ ಚಿತ್ರದಲ್ಲಿ ಮೀನು ಎಣಿಸಲು ಸ್ಫೋಟಿಸುತ್ತಾರೆ, ಶಾರ್ಕ್‌ಗಳನ್ನು ಬಡಿದು ಕೊಲ್ಲುತ್ತಾರೆ. ಅದನ್ನು ಮುಚ್ಚಿಡಬಾರದು. ಅದೇ ಮನುಷ್ಯ 1960ರಲ್ಲಿ ವಿಕಿರಣಶೀಲ ಕಸವನ್ನು ಮೆಡಿಟರೇನಿಯನ್‌ಗೆ ಸುರಿಯುವುದರ ವಿರುದ್ಧ ನಿಂತರು, ಅಂಟಾರ್ಕ್ಟಿಕಾದಲ್ಲಿ ಗಣಿಗಾರಿಕೆ ಬೇಡವೆಂದು ಸಹಿ ಸಂಗ್ರಹಿಸಿದರು. ಆ ಗಣಿಗಾರಿಕೆಯನ್ನು ನಿಷೇಧಿಸುವ ಮ್ಯಾಡ್ರಿಡ್ ಒಪ್ಪಂದಕ್ಕೆ 1991ರಲ್ಲಿ ಸಹಿ ಬಿತ್ತು. ಮಕ್ಕಳು ಮೊಮ್ಮಕ್ಕಳು ಮುಂದುವರಿಸಬೇಕಾದದ್ದು ಈ ಎರಡನೆಯ ಕುಸ್ತೊ ಅವರನ್ನು, ಮತ್ತು ಮುಂದುವರಿಸಿದ್ದೂ ಅದನ್ನೇ.

ಪ್ರಶ್ನೆ: ಮುಳುಗಲು ಬಾರದವರು, ದೊಡ್ಡ ಮನೆತನದವರಲ್ಲದವರು ಏನು ಮಾಡಬಹುದು?

ಅಳೆಯಬಹುದು. ಅರ್ಥ್‌ಎಕೊ ಕೈಗೆತ್ತಿಕೊಂಡ ನೀರಿನ ಪರೀಕ್ಷೆಯ ಕಾರ್ಯಕ್ರಮದಲ್ಲಿ ಸಾಮಾನ್ಯ ಜನ ನೋಡುವುದು ನಾಲ್ಕೇ ಸಂಗತಿ: ಉಷ್ಣತೆ, ಪಿಎಚ್ (ನೀರಿನ ಆಮ್ಲ-ಕ್ಷಾರದ ಅಳತೆ), ಕರಗಿದ ಆಮ್ಲಜನಕ, ತಿಳಿತನ.

ತಿಳಿತನಕ್ಕೆ ಸೆಕಿ ತಟ್ಟೆ ಸಾಕು. ಕಡಲಿಗೆ 30 ಸೆಂಟಿಮೀಟರ್ ಅಗಲದ ಬಿಳಿ ತಟ್ಟೆ, ಅಡಿಯಲ್ಲಿ ತೂಕ, ಮೇಲೆ ಗುರುತು ಹಾಕಿದ ಹಗ್ಗ. ನೈಲಾನ್ ಹಗ್ಗ ಎಳೆದರೆ ಉದ್ದವಾಗುತ್ತದೆ, ಆದ್ದರಿಂದ ಹಿಗ್ಗದ ಹಗ್ಗವನ್ನು ನೆನೆಸಿದ ಮೇಲೆಯೇ ಗುರುತು ಹಾಕಿ. ಬೆಳಿಗ್ಗೆ ಹತ್ತರಿಂದ ಮಧ್ಯಾಹ್ನ ಎರಡರೊಳಗೆ, ದೋಣಿಯ ನೆರಳಿನ ಕಡೆಯಿಂದ, ಕಪ್ಪು ಕನ್ನಡಕ ತೆಗೆದು ಇಳಿಸಿ. ತಟ್ಟೆ ಮರೆಯಾದ ಆಳ, ಮೇಲೆಳೆಯುವಾಗ ಮತ್ತೆ ಕಂಡ ಆಳ, ಇವೆರಡರ ಸರಾಸರಿ ಬರೆದುಕೊಳ್ಳಿ. ಸೆಳೆತಕ್ಕೆ ಹಗ್ಗ ಓರೆಯಾದರೆ ನೀರು ಇರುವುದಕ್ಕಿಂತ ತಿಳಿ ಎಂದು ತೋರುತ್ತದೆ. ತೂಕ ಹೆಚ್ಚಿಸಿ ಮತ್ತೆ ಅಳೆಯಿರಿ.

ಪಿಎಚ್ ಮೀಟರನ್ನು ಪ್ರತಿ ಸಲ 7 ಮತ್ತು 10ರ ದ್ರಾವಣಗಳಲ್ಲಿ ಹೊಂದಿಸಿ. ತೆರೆದ ಕಡಲ ಮೇಲ್ಮೈಯಲ್ಲಿ ಸುಮಾರು 8.1 ಬರಬೇಕು. ಅದರ ತುದಿಯನ್ನು ಒಣಗಲು ಬಿಟ್ಟರೆ ಅಥವಾ ಬಟ್ಟಿ ಇಳಿಸಿದ ನೀರಿನಲ್ಲಿ ನೆನೆಸಿಟ್ಟರೆ ಅದು ಹಾಳಾಗುತ್ತದೆ, ಪೊಟ್ಯಾಸಿಯಂ ಕ್ಲೋರೈಡ್ ದ್ರಾವಣದಲ್ಲೇ ಇಡಬೇಕು.

ಹೆಚ್ಚು ಜನ ಎಡವುವುದು ಆಮ್ಲಜನಕದಲ್ಲಿ. ಬಾಟಲಿಯನ್ನು ನೀರಿನೊಳಗೇ ತುಂಬಿ ಅಲ್ಲೇ ಮುಚ್ಚಳ ಹಾಕಿ, ಒಂದು ಗುಳ್ಳೆ ಉಳಿದರೂ ಅಂಕಿ ಕೆಡುತ್ತದೆ. ಉಪ್ಪುನೀರು ಕಡಿಮೆ ಆಮ್ಲಜನಕ ಹಿಡಿಯುತ್ತದೆ: 25 ಡಿಗ್ರಿಯಲ್ಲಿ ಸಿಹಿನೀರು ಲೀಟರಿಗೆ ಸುಮಾರು 8.3 ಮಿಲಿಗ್ರಾಂ ಹಿಡಿದರೆ ಕಡಲ ನೀರು ಸುಮಾರು 6.8. ಸಿಹಿನೀರಿನ ಪಟ್ಟಿ ಹಿಡಿದು ನೋಡಿದರೆ ಆರೋಗ್ಯವಾಗಿರುವ ಕಡಲೂ ರೋಗಿಯಂತೆ ಕಾಣುತ್ತದೆ. ರಾತ್ರಿಯಿಡೀ ಸಸ್ಯಗಳು ಆಮ್ಲಜನಕ ತಯಾರಿಸದೆ ಬರೀ ಬಳಸುವುದರಿಂದ ನಸುಕಿನಲ್ಲಿ ಅಂಕಿ ಅತಿ ಕಡಿಮೆ ಇರುತ್ತದೆ. ಹಾಗಾಗಿ ಅದೇ ಜಾಗ, ಅದೇ ಗಂಟೆ ಹಿಡಿದು ತಿಂಗಳಿಗೊಮ್ಮೆಯಾದರೂ ಅಳೆಯಿರಿ, ಉಬ್ಬರವೋ ಇಳಿತವೋ ಎಂಬುದನ್ನೂ ಪಕ್ಕದಲ್ಲಿ ಬರೆದಿಡಿ.