ಮೋಲ್ ತೂಕವೋ, ಎಣಿಕೆಯೋ?

ಪ್ರಶ್ನೆ: ನಾನು ಫಸ್ಟ್ ಪಿಯುಸಿ, ಸೈನ್ಸ್. ಹತ್ತನೇ ಕ್ಲಾಸಿನವರೆಗೂ ಕನ್ನಡ ಮೀಡಿಯಂ. ಕೆಮಿಸ್ಟ್ರಿಯ ಮೊದಲ ಪಾಠದಲ್ಲೇ ಮೋಲ್ ಬಂತು, ತಲೆಗೆ ಹತ್ತುತ್ತಿಲ್ಲ. ಕಾರ್ಬನ್ 12 ಗ್ರಾಂ ಒಂದು ಮೋಲ್, ನೀರು 18 ಗ್ರಾಂ ಒಂದು ಮೋಲ್, ಕಬ್ಬಿಣ 56 ಗ್ರಾಂ ಒಂದು ಮೋಲ್. ಒಂದು ಕೆ.ಜಿ. ಅಂದರೆ ಯಾವ ವಸ್ತುವಿಗಾದರೂ ಒಂದೇ ಅಲ್ವಾ? ಇದು ಮಾತ್ರ ಯಾಕೆ ಬದಲಾಗುತ್ತದೆ? ಫಾರ್ಮುಲಾ ಹಾಕಿ ಉತ್ತರ ತರುತ್ತೇನೆ, ಆದರೆ ಏನು ಮಾಡುತ್ತಿದ್ದೇನೆ ಅಂತ ಗೊತ್ತಾಗುತ್ತಿಲ್ಲ.
– ವಿದ್ಯಾರ್ಥಿನಿ, ಚಳ್ಳಕೆರೆ

ಉತ್ತರ: ಮೋಲ್ ತೂಕ ಅಲ್ಲಮ್ಮ, ಎಣಿಕೆ. ಕೆ.ಜಿ. ಪಕ್ಕ ಇಟ್ಟು ನೋಡಿದ್ದರಿಂದಲೇ ಗೊಂದಲ ಆಗಿದೆ. ಒಂದು ಮೋಲ್ ಅಂದರೆ 6.022 × 10²³ ಕಣಗಳು, ಅದು ಯಾವ ವಸ್ತುವಿಗೂ ಬದಲಾಗುವುದಿಲ್ಲ. ಬದಲಾಗುವುದು ಅಷ್ಟು ಕಣಗಳ ತೂಕ.

ನಿಮ್ಮ ಚಳ್ಳಕೆರೆಯಲ್ಲೂ ಅಷ್ಟೇ, ನಮ್ಮ ದಾವಣಗೆರೆಯಲ್ಲೂ ಅಷ್ಟೇ, ಹಾರ್ಡ್‌ವೇರ್ ಅಂಗಡಿಯಲ್ಲಿ ಸಾವಿರ ಬೋಲ್ಟು ಬೇಕು ಅಂದರೆ ಯಾರೂ ಕೂತು ಎಣಿಸುವುದಿಲ್ಲ, ತೂಗಿ ಕೊಡುತ್ತಾರೆ. ಒಂದು ಬೋಲ್ಟು 20 ಗ್ರಾಂ, ನಟ್ಟು 10 ಗ್ರಾಂ ಅಂದುಕೋ. 20 ಕೆ.ಜಿ. ಬೋಲ್ಟು, 10 ಕೆ.ಜಿ. ನಟ್ಟು ತಂದರೆ ಎರಡೂ ಸಾವಿರ ಸಾವಿರ, ಜೋಡಿ ಸರಿಹೋಯಿತು. ಎರಡನ್ನೂ ಹತ್ತು ಹತ್ತು ಕೆ.ಜಿ. ತಂದರೆ ಅರ್ಧದಷ್ಟು ನಟ್ಟು ಹಾಗೇ ಉಳಿಯುತ್ತವೆ.

ಕೆಮಿಸ್ಟ್ರಿಗೆ ಬೇಕಾಗಿರುವುದೂ ಈ ಜೋಡಿ ಲೆಕ್ಕವೇ. ಕಬ್ಬಿಣದ ಪುಡಿಗೆ ಗಂಧಕ ಸೇರಿಸಿ ಕಾಯಿಸುವ ಪ್ರಯೋಗ ಹೈಸ್ಕೂಲಲ್ಲಿ ಓದಿರುತ್ತೀಯ, ಕೊನೆಗೆ ಕಪ್ಪಗೆ ಗಟ್ಟಿಯಾಗಿ ಉಳಿಯುತ್ತದಲ್ಲ, ಅದು ಕಬ್ಬಿಣದ ಸಲ್ಫೈಡ್. ಅದರಲ್ಲಿ ಒಂದು ಕಬ್ಬಿಣದ ಪರಮಾಣುವಿಗೆ ಒಂದು ಗಂಧಕದ ಪರಮಾಣು. ಕಬ್ಬಿಣದ ಪರಮಾಣು ರಾಶಿ 56, ಗಂಧಕದ್ದು 32. ಹಾಗಾಗಿ 56 ಗ್ರಾಂ ಕಬ್ಬಿಣಕ್ಕೆ 32 ಗ್ರಾಂ ಗಂಧಕ ಸಾಕು, 88 ಗ್ರಾಂ ಸಲ್ಫೈಡ್ ಆಗುತ್ತದೆ. ಸಮ ತೂಕ ಅಂತ 56ಕ್ಕೆ 56 ಹಾಕಿದರೆ 24 ಗ್ರಾಂ ಗಂಧಕಕ್ಕೆ ಜೋಡಿಯೇ ಸಿಗುವುದಿಲ್ಲ.

ಇನ್ನು ಆ ದೊಡ್ಡ ಸಂಖ್ಯೆ. ಅದನ್ನು ಸುಮ್ನೆ ಬಾಯಿಪಾಠ ಮಾಡಿಸಿಬಿಡುತ್ತಾರೆ, ಎಲ್ಲಿಂದ ಬಂತು ಅಂತ ಬಿಡಿಸಿ ಹೇಳುವುದಿಲ್ಲ, ನನಗೆ ಬೇಸರ ಆಗುವುದು ಅದಕ್ಕೇ. ಪರಮಾಣುವಿನ ಭಾರವನ್ನು ‘ಯು’ ಎಂಬ ಮಾನದಲ್ಲಿ ಹೇಳುತ್ತೇವೆ. ಕಬ್ಬಿಣದ ಒಂದು ಪರಮಾಣು ಸುಮಾರು 56 ಯು. ಅದು ಯಾವ ತಕ್ಕಡಿಗೂ ಸಿಗುವ ಭಾರ ಅಲ್ಲ. ಅಂಥವು ಎಷ್ಟು ಸೇರಿದರೆ 56 ಗ್ರಾಂ ಆಗುತ್ತದೆ? 6.022 × 10²³. ಬೇರೆ ಧಾತುಗಳಿಗೂ ಇದೇ ಉತ್ತರ, ಯಾಕಂದರೆ ಒಂದು ಗ್ರಾಂ ಅಂದರೆ ಅಷ್ಟು ಯು. ಅದಕ್ಕೇ ಪೀರಿಯಾಡಿಕ್ ಟೇಬಲ್‌ನಲ್ಲಿರುವ ರಾಶಿಯ ಮುಂದೆ ಗ್ರಾಂ ಅಂತ ಬರೆದುಕೊಂಡು ಅಷ್ಟು ತೂಗಿದರೆ ಒಂದು ಮೋಲ್ ಪರಮಾಣು ಸಿಗುತ್ತವೆ. ಹಿಂದೆ ‘12 ಗ್ರಾಂ ಕಾರ್ಬನ್-12ರಲ್ಲಿರುವಷ್ಟು ಪರಮಾಣು’ ಅಂತ ವ್ಯಾಖ್ಯೆ ಇತ್ತು, 2019ರ ಮೇ 20ರಿಂದ 6.02214076 × 10²³ ಅಂತಲೇ ನಿಗದಿಯಾಗಿದೆ. ಹಳೇ ಗೈಡ್‌ನಲ್ಲಿ ಹಳೆಯದೇ ಇದ್ದರೆ ಗಾಬರಿ ಬೇಡ, ನಿನ್ನ ಲೆಕ್ಕದ ಉತ್ತರ ಅದೇ ಬರುತ್ತದೆ.

ಮನೆಯಲ್ಲೇ ಒಂದು ಮೋಲ್ ನೋಡಬಹುದು. ಕೆಮ್ಮಿನ ಸಿರಪ್ ಜೊತೆ ಬರುವ ಅಳತೆಯ ಮುಚ್ಚಳದಲ್ಲಿ 10 ಎಂಎಲ್ ಗೆರೆಯವರೆಗೆ ಎರಡು ಸಲ ನೀರು ತುಂಬಿ ಲೋಟಕ್ಕೆ ಹಾಕು, ಎರಡನೇ ಸಲ ಒಂಚೂರು ಕಡಿಮೆ ಇರಲಿ. 18 ಎಂಎಲ್, ಒಂದು ಗುಟುಕು, ಅಷ್ಟೇ ಒಂದು ಮೋಲ್ ನೀರು. ಸಕ್ಕರೆಗಾದರೆ 342 ಗ್ರಾಂ ಬೇಕು, ಕಾಲು ಕೆ.ಜಿ.ಗಿಂತ ಜಾಸ್ತಿ. ಎರಡರಲ್ಲೂ ಅಣುಗಳು ಅಷ್ಟೇ, ಆದರೆ ಸಕ್ಕರೆಯ ಒಂದೊಂದು ಅಣುವಿನಲ್ಲಿ 45 ಪರಮಾಣುಗಳಿವೆ, ನೀರಿನದರಲ್ಲಿ ಮೂರೇ.

ಇನ್ನೊಂದು. ಯಾವುದರ ಮೋಲ್ ಅಂತ ಪ್ರತಿ ಸಲ ಬರಿ, ಮಾರ್ಕ್ಸ್ ಹೋಗುವುದೇ ಇಲ್ಲಿ. ಒಂದು ಮೋಲ್ ಆಕ್ಸಿಜನ್ ಪರಮಾಣು 16 ಗ್ರಾಂ, ಒಂದು ಮೋಲ್ ಆಕ್ಸಿಜನ್ ಅಣು 32 ಗ್ರಾಂ. 36 ಗ್ರಾಂ ನೀರಿನಲ್ಲಿ ನೀರಿನ ಅಣುಗಳು 2 ಮೋಲ್, ಆಕ್ಸಿಜನ್ ಪರಮಾಣುಗಳು 2 ಮೋಲ್, ಹೈಡ್ರೋಜನ್ ಪರಮಾಣುಗಳು 4 ಮೋಲ್. ಇದು ಪೆನ್ನು ಹಿಡಿಯದೆ ಬಾಯಲ್ಲೇ ಹೇಳಲು ಬಂದರೆ ಮುಂದಿನ ಲೆಕ್ಕಗಳಿಗೆ ಹೋಗು, ಬರದಿದ್ದರೆ 54 ಗ್ರಾಂ ನೀರಿಗೆ ಮತ್ತೊಮ್ಮೆ ಮಾಡಿ ನೋಡು.