ಅಕ್ಕಿ ಡಬ್ಬಿಯಲ್ಲಿ ಬಚ್ಚಿಟ್ಟ ಮಾತ್ರೆ

ಪ್ರಶ್ನೆ: ನನಗೆ 49. ಕೊಡಗಿನ ಅಮ್ಮತ್ತಿ ಹತ್ತಿರ ಕಾಫಿ ತೋಟವಿದೆ. ಮುಟ್ಟು ನಿಂತು 14 ತಿಂಗಳಾಯಿತು. ರಾತ್ರಿ ಮೂರ್ನಾಲ್ಕು ಸಲ ಬೆವರಿ ಎಚ್ಚರವಾಗುತ್ತದೆ. ಜನವರಿ ಚಳಿಯಲ್ಲಿ ಕಣದಲ್ಲಿ ಕಾಫಿ ಹರಡುತ್ತಿದ್ದಾಗ ಝಳ ಏರಿ ಸ್ವೆಟರ್ ಕಿತ್ತೆಸೆದೆ, ಕೆಲಸದವರು ನಕ್ಕರು. ಡಾಕ್ಟರ್ ಹಾರ್ಮೋನ್ ಮಾತ್ರೆ ಬರೆದಿದ್ದಾರೆ. ನನ್ನಕ್ಕ 58ಕ್ಕೇ ಹಾರ್ಟ್ ಅಟ್ಯಾಕ್ ಆಗಿ ಹೋದಳು. ಮಾತ್ರೆ ನುಂಗಿದರೆ ನನಗೂ ಅದೇ ಗತಿ ಅನ್ನುತ್ತಾಳೆ ನಾದಿನಿ. ಬೆಂಗಳೂರಿನಲ್ಲಿರುವ ಮಗಳು, ‘ತಗೋ ಅಮ್ಮ, ಹಾರ್ಟಿಗೂ ಒಳ್ಳೆಯದು’ ಅನ್ನುತ್ತಾಳೆ. ಸ್ಟ್ರಿಪ್ ಮೂರು ವಾರದಿಂದ ಅಕ್ಕಿ ಡಬ್ಬಿಯಲ್ಲಿದೆ. ಯಜಮಾನರಿಗೆ ಹೇಳಿಲ್ಲ. ಏನು ಮಾಡಲಿ?

ಉತ್ತರ: ನಕ್ಕವರಿಗೆ ಆ ಝಳ ಗೊತ್ತಿಲ್ಲ, ಬಿಡಿ. ನನಗೆ ಗೊತ್ತು. ಮದುವೆ ಮನೆಯಲ್ಲಿ ಊಟದ ಪಂಕ್ತಿಯಿಂದ ಎದ್ದು ಹೋಗಿ ನಲ್ಲಿ ಕೆಳಗೆ ಕೈಯೊಡ್ಡಿ ನಿಂತವಳು ನಾನು.

ನಿಮ್ಮ ನಾದಿನಿಯ ಭಯ ಸುಮ್ನೆ ಹುಟ್ಟಿದ್ದಲ್ಲ. ಅಮೆರಿಕದಲ್ಲಿ ‘ವಿಮೆನ್ಸ್ ಹೆಲ್ತ್ ಇನಿಷಿಯೇಟಿವ್’ ಎಂಬ ದೊಡ್ಡ ಅಧ್ಯಯನ ನಡೆಯಿತು. ಈಸ್ಟ್ರೋಜನ್ ಎಂಬ ಹೆಣ್ಣು ಹಾರ್ಮೋನ್ ಜೊತೆ ಇನ್ನೊಂದು ಹಾರ್ಮೋನ್ ಸೇರಿಸಿ ಕೊಡುತ್ತಿದ್ದ ಭಾಗವನ್ನು 2002ರಲ್ಲಿ ನಡುವೆಯೇ ನಿಲ್ಲಿಸಿದರು. ವರ್ಷಕ್ಕೆ 10,000 ಹೆಂಗಸರಲ್ಲಿ ಹೃದಯದ ತೊಂದರೆ 7, ಸ್ತನ ಕ್ಯಾನ್ಸರ್ 8 ಜಾಸ್ತಿ ಕಂಡಿತ್ತು. ಸುದ್ದಿ ಊರೂರು ಸುತ್ತಿತು. ಆದರೆ ಆ ಹೆಂಗಸರ ಸರಾಸರಿ ವಯಸ್ಸು 63 ಅನ್ನುವುದು ಅಷ್ಟು ದೂರ ಹೋಗಲಿಲ್ಲ. ಹೆಚ್ಚಿನವರಿಗೆ ಮುಟ್ಟು ನಿಂತು ಎಷ್ಟೋ ವರ್ಷವಾಗಿತ್ತು. ಆಮೇಲೆ ವಯಸ್ಸು ಬೇರೆ ಮಾಡಿ ನೋಡಿದಾಗ, ಮುಟ್ಟು ನಿಂತ 10 ವರ್ಷದೊಳಗೆ, 60 ದಾಟುವ ಮೊದಲು ಶುರು ಮಾಡಿದವರ ಹೃದಯಕ್ಕೆ ಆ ಅಪಾಯ ಕಾಣಲಿಲ್ಲ. ನೀವು ಈ ಗುಂಪಿನವರು.

ಹಾಗಂತ ಮಗಳ ಮಾತೂ ಪೂರ್ತಿ ಸರಿಯಲ್ಲ. ಹೃದಯ ಕಾಪಾಡಲೆಂದೇ ಹಾರ್ಮೋನ್ ತಗೊಳ್ಳಿ ಎಂದು ತಜ್ಞರು ಹೇಳುವುದಿಲ್ಲ. ಅದು ಝಳಕ್ಕೆ, ಬೆವರಿಗೆ, ಕೆಟ್ಟ ನಿದ್ದೆಗೆ ಮದ್ದು. ಅದಕ್ಕಂತೂ ಅದರಷ್ಟು ಒಳ್ಳೆಯ ಮದ್ದು ಬೇರೆ ಇಲ್ಲ.

ನಿಮ್ಮ ಕಾಗದದಲ್ಲಿ ನಾನು ಒಂದು ಮಾತು ಹುಡುಕಿದೆ, ಸಿಗಲಿಲ್ಲ. ಅಕ್ಕನ ವಿಷಯ ಡಾಕ್ಟರಿಗೆ ಹೇಳಿದಿರಾ? ನಾದಿನಿಗೆ ಗೊತ್ತು, ಮಗಳಿಗೆ ಗೊತ್ತು, ನನಗೂ ಬರೆದಿರಿ. ಮಾತ್ರೆ ಬರೆದವರಿಗೇ ಗೊತ್ತಿಲ್ಲದಿದ್ದರೆ ಹೇಗೆ? ಅಕ್ಕನಿಗೆ ಹಾಗಾಯಿತು ಅಂದ ಮಾತ್ರಕ್ಕೆ ನಿಮಗೆ ಹಾರ್ಮೋನ್ ಕೊಡಲೇಬಾರದು ಅಂತಿಲ್ಲ. ಆದರೆ ಮೊದಲು ಬಿಪಿ, ಶುಗರ್, ಕೊಲೆಸ್ಟ್ರಾಲ್ ನೋಡಬೇಕು. ಮುಟ್ಟು ನಿಂತ ಮೇಲೆ ಕೆಟ್ಟ ಕೊಲೆಸ್ಟ್ರಾಲ್ ತಾನಾಗಿಯೇ ಏರುತ್ತದೆ, ಹೊಟ್ಟೆ ಸುತ್ತ ಬೊಜ್ಜು ಕೂರುತ್ತದೆ. ಮಾತ್ರೆ ತಗೊಂಡರೂ ಬಿಟ್ಟರೂ ಈ ಪರೀಕ್ಷೆಗಳು ಬೇಕು, ನಿಮ್ಮ ಹೃದಯ ನೋಡಿಕೊಳ್ಳುವ ಕೆಲಸ ಅದು. (ಪಂದಿಕರಿ ಬಿಡಿ ಅನ್ನುವ ಧೈರ್ಯ ನನಗಿಲ್ಲ. ಕೊಬ್ಬಿನ ತುಂಡು ಕಡಿಮೆ ಮಾಡಿ, ಸಾಕು.)

ಸ್ತನ ಕ್ಯಾನ್ಸರ್, ಪಾರ್ಶ್ವವಾಯು, ಹಾರ್ಟ್ ಅಟ್ಯಾಕ್, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿದ್ದು, ಲಿವರ್ ತೊಂದರೆ: ಇವುಗಳಲ್ಲಿ ಯಾವುದಾದರೂ ನಿಮಗೆ ಆಗಿದ್ದರೆ ಸಾಮಾನ್ಯವಾಗಿ ಹಾರ್ಮೋನ್ ಕೊಡುವುದಿಲ್ಲ. ನಿಂತ ಮುಟ್ಟು ಮತ್ತೆ ಕಾಣಿಸಿದರೆ ತಕ್ಷಣ ತೋರಿಸಿ. ಚರ್ಮಕ್ಕೆ ಹಚ್ಚುವ ಹಾರ್ಮೋನ್ ಜೆಲ್ ಬಗ್ಗೆಯೂ ಕೇಳಿ. ಮಾತ್ರೆಗಿಂತ ಅದರಲ್ಲಿ ರಕ್ತ ಹೆಪ್ಪುಗಟ್ಟುವ ಭಯ ಕಡಿಮೆ. ಗರ್ಭಕೋಶ ಇದ್ದವರಿಗೆ ಈಸ್ಟ್ರೋಜನ್ ಒಂದೇ ಸಾಲದು, ಗರ್ಭಕೋಶದ ಒಳಪದರ ಕಾಯಲು ಪ್ರೊಜೆಸ್ಟರಾನ್ ಎಂಬ ಇನ್ನೊಂದು ಹಾರ್ಮೋನ್ ಕೂಡ ಬೇಕು.

ಇನ್ನೊಂದು. ತೋಟದ ಏರು ಹತ್ತುವಾಗ ಮೊದಲಿಲ್ಲದ ಏದುಸಿರು, ದವಡೆ ಅಥವಾ ಬೆನ್ನಿನಲ್ಲಿ ಹಿಡಿತ, ಕಾರಣವಿಲ್ಲದ ಸುಸ್ತು ಬಂದರೆ ‘ಇದೂ ಮುಟ್ಟು ನಿಂತಿದ್ದಕ್ಕೇ’ ಅಂತ ಕೂರಬೇಡಿ. ಹೆಂಗಸರಿಗೆ ಹೃದಯದ ತೊಂದರೆ ಹೀಗೂ ಬರುತ್ತದೆ. ಅಂದೇ ಇಸಿಜಿ ಮಾಡಿಸಿ.

ಯಜಮಾನರಿಗೆ ಇವತ್ತೇ ಹೇಳಿ. ರಾತ್ರಿ ಮೂರ್ನಾಲ್ಕು ಸಲ ನೀವು ಎದ್ದು ಕೂರುವುದು ಪಕ್ಕದಲ್ಲಿ ಮಲಗಿದವರಿಗೆ ಗೊತ್ತಿಲ್ಲದೆ ಇರುತ್ತದಾ? ಈ ವಾರ ಅವರೇ ಜೀಪಿನಲ್ಲಿ ಕರೆದುಕೊಂಡು ಹೋಗಲಿ. ಸ್ಟ್ರಿಪ್ಪನ್ನು ಅಕ್ಕಿಯಿಂದ ತೆಗೆದು ಬ್ಯಾಗಿಗೆ ಹಾಕಿಕೊಳ್ಳಿ. ಅಕ್ಕನ ಹಳೆಯ ಆಸ್ಪತ್ರೆ ಚೀಟಿಗಳು ಮನೆಯಲ್ಲಿದ್ದರೆ ಅವೂ ಜೊತೆಗಿರಲಿ.