ಕೇಳೋದು ಅವರು, ಹೇಳೋದು ನಾವು

ಈ ತಿಂಗಳು ಬಂದ ಪತ್ರಗಳಲ್ಲಿ ಶ್ರೀನಿವಾಸಪುರದ ನಿವೃತ್ತ ಮೇಷ್ಟ್ರೊಬ್ಬರದು ಎಲ್ಲಕ್ಕಿಂತ ಉದ್ದ. ಎಂಟು ಹಾಳೆ, ಎರಡೂ ಕಡೆ ಬರೆದಿದ್ದಾರೆ, ಅಂಚನ್ನೂ ಬಿಟ್ಟಿಲ್ಲ. ಪ್ರಶ್ನೆಗಿಂತ ಅಭಿಪ್ರಾಯವೇ ಜಾಸ್ತಿ. ಆದರೆ ಬೈಗುಳದ ನಡುವೆ ವಿಷಯ ಇದೆ. ಅದಕ್ಕೇ ಈ ಸಲದ ಅಂಕಣ ಬಹುಪಾಲು ಅವರಿಗೇ. ಮಧ್ಯೆ ಒಬ್ಬಿಬ್ಬರು ಬೇರೆಯವರೂ ಇಣುಕುತ್ತಾರೆ.

ಪ್ರಶ್ನೆ: ಸ್ವಾಮಿ, 2025ರ ಸೆಪ್ಟೆಂಬರ್‌ನಲ್ಲಿ ಮೊದಲು ಮೀಟರ್ ರೀಡರ್ ಬಂದು ಬಾಗಿಲಿಗೆ ಚೀಟಿ ಅಂಟಿಸಿದ. ಆಮೇಲೆ ನನ್ನ ಹಳೇ ವಿದ್ಯಾರ್ಥಿನಿಯೇ, ಈಗ ಟೀಚರ್, ಮೊಬೈಲ್ ಹಿಡಿದು ಬಂದಳು. ಜಾತಿ, ಉಪಜಾತಿ, ಸಾಲ, ಹಸು, ಫ್ರಿಜ್ಜು ಎಲ್ಲ ಕೇಳಿದಳು. ಪಾಪ, ನೆಟ್‌ವರ್ಕ್ ಸಿಗದೆ ಮಾವಿನ ತೋಪಿನ ತುದಿಗೆ ಹೋಗಿ ನಿಂತಿದ್ದಳು. ಅವಳ ಮೇಲೆ ಕೋಪ ಇಲ್ಲ. ಆದರೆ ಸರ್ಕಾರಕ್ಕೆ ನನ್ನ ಮನೆ ಒಳಗಿನ ಲೆಕ್ಕ ಎಲ್ಲ ಯಾಕೆ ಬೇಕು?

ಉತ್ತರ: ಮೇಷ್ಟ್ರೇ, ಅದು ಹಿಂದುಳಿದ ವರ್ಗಗಳ ಆಯೋಗದ ಸಾಮಾಜಿಕ, ಶೈಕ್ಷಣಿಕ ಸಮೀಕ್ಷೆ. ಒಟ್ಟು 60 ಪ್ರಶ್ನೆ. ಯಾಕೆ ಬೇಕು ಅಂದರೆ, ಯಾರ ಕೈಗೆ ಏನು ಸಿಕ್ಕಿದೆ, ಯಾರಿಗೆ ಸಿಕ್ಕಿಲ್ಲ ಅಂತ ಲೆಕ್ಕ ಇಲ್ಲದೆ ಹಂಚೋಕಾಗುವುದಿಲ್ಲ. ಆ ಮಾತು ನಾನು ಒಪ್ಪುತ್ತೇನೆ, ನೀವು ಒಪ್ಪದಿದ್ದರೂ ಪರವಾಗಿಲ್ಲ. ಯಾಕೆಂದರೆ ಹೈಕೋರ್ಟ್ ಆಗಲೇ ಹೇಳಿತ್ತು: ಉತ್ತರ ಕೊಡೋದು ಬಿಡೋದು ಜನರ ಇಷ್ಟ, ಬಲವಂತ ಮಾಡುವಂತಿಲ್ಲ, ಕೊಟ್ಟ ಮಾಹಿತಿ ಗುಟ್ಟಾಗಿರಬೇಕು. ಈ ಮಾತನ್ನು ನಿಮಗೆ ಆ ಹುಡುಗಿ ಹೇಳಿದಳೋ ಇಲ್ಲವೋ ಗೊತ್ತಿಲ್ಲ. ನಮ್ಮ ಮನೆಗೆ ಬಂದವರಂತೂ ಹೇಳಲಿಲ್ಲ.

ಕೇಂದ್ರದ ಜನಗಣತಿ ಬೇರೆ, ಎರಡನ್ನೂ ಕಲಸಬೇಡಿ. ಅದು 1948ರ ಕಾಯ್ದೆಯ ಕೆಳಗೆ ನಡೆಯುತ್ತದೆ. ಅಲ್ಲಿ ಉತ್ತರ ಕೊಡಲೇಬೇಕು. ಆದರೆ ನೀವು ಹೇಳಿದ್ದನ್ನು ಕೋರ್ಟಿನಲ್ಲಿ ಸಾಕ್ಷಿ ಅಂತ ಕೂಡ ತೋರಿಸುವ ಹಾಗಿಲ್ಲ. ಅಷ್ಟು ಬಿಗಿ.

ನನ್ನ ತಕರಾರು ಬೇರೆಯದು. ಅವರು ನಮ್ಮನ್ನು 60 ಪ್ರಶ್ನೆ ಕೇಳಬಹುದು. ನಾವು ಅವರನ್ನು ಕೇಳಬೇಕಾದರೆ? ಮಾಹಿತಿ ಹಕ್ಕಿನ ಅರ್ಜಿಗೆ ಕರ್ನಾಟಕದಲ್ಲಿ 2008ರಿಂದ ಒಂದು ನಿಯಮ ಇದೆ: ಒಂದು ಅರ್ಜಿಗೆ ಒಂದೇ ವಿಷಯ, ಅದೂ 150 ಪದ ಮೀರಬಾರದು. ನಿಮ್ಮ ಪತ್ರದ ಮೊದಲ ಪುಟದಲ್ಲೇ ಅದಕ್ಕಿಂತ ಜಾಸ್ತಿ ಪದ ಇವೆ, ಎಣಿಸಿದೆ.

ಪ್ರಶ್ನೆ: (ಮೇಷ್ಟ್ರದೇ) ನಮ್ಮೂರಿನ ಒಬ್ಬ ಹೇಳ್ತಾನೆ, ಜಮೀನು ರಿಜಿಸ್ಟರ್ ಮಾಡಿಸಿದವರ ಹೆಬ್ಬೆಟ್ಟು ಕದ್ದು ಬ್ಯಾಂಕಿನ ದುಡ್ಡು ಹೊಡೀತಾರೆ ಅಂತ. ಓಟಿಪಿ ಯಾರಿಗೂ ಹೇಳಬೇಡಿ ಅಂತ ದಿನಾ ಬಡ್ಕೋತಾರೆ, ಇಲ್ಲಿ ಓಟಿಪಿಯೇ ಇಲ್ಲವಂತೆ. ಇದು ಕಟ್ಟುಕಥೆಯೇ?

ಉತ್ತರ: ಅಲ್ಲ, ನಿಜ. 2023ರಲ್ಲಿ ನಮ್ಮ ರಾಜ್ಯದಲ್ಲೇ ಬಯಲಾಯಿತು. ನೋಂದಣಿ ಇಲಾಖೆಯ ಕಾವೇರಿ ಜಾಲತಾಣದಿಂದ ಕ್ರಯಪತ್ರದ ಪ್ರತಿ ತೆಗೆದು, ಅದರಲ್ಲಿದ್ದ ಬೆರಳಿನ ಗುರುತು ನಕಲು ಮಾಡಿ ಹಣ ತೆಗೆದಿದ್ದರು. ಆಮೇಲೆ ಪ್ರತಿಗಳಲ್ಲಿ ಬೆರಳಚ್ಚು ಕಾಣದ ಹಾಗೆ ಮುಚ್ಚೋಕೆ ಸರ್ಕಾರ ಹೊರಟಿತು.

ಇದು ಹೇಗೆ ಸಾಧ್ಯ ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಹಳ್ಳಿಗಳಲ್ಲಿ ಅಂಗಡಿಯಲ್ಲೋ ಮನೆ ಜಗಲಿಯಲ್ಲೋ ಚಿಕ್ಕ ಮಿಷನ್ ಇಟ್ಟುಕೊಂಡು ಬ್ಯಾಂಕಿನ ಪರವಾಗಿ ಹಣ ಕೊಡುವವರು ಇರುತ್ತಾರಲ್ಲ, ಪಿಂಚಣಿ ಬಿಡಿಸಿಕೊಳ್ಳಲು ಅಜ್ಜಿಯರು ಹೋಗುತ್ತಾರಲ್ಲ, ಅದೇ ವ್ಯವಸ್ಥೆ. ಅಲ್ಲಿ ಬೇಕಾಗಿರೋದು ಮೂರೇ: ಬ್ಯಾಂಕಿನ ಹೆಸರು, ಆಧಾರ್ ನಂಬರ್, ಬೆರಳು. ಪಿನ್ ಇಲ್ಲ, ಓಟಿಪಿ ಇಲ್ಲ. ಓದು ಬರಹ ಬಾರದವರಿಗೆ ಅನುಕೂಲ ಆಗಲಿ ಅಂತಲೇ ಹಾಗೆ ಮಾಡಿದ್ದು, ಅನುಕೂಲ ಆಗಿದೆ ಕೂಡ. ಆದರೆ ಕ್ರಯಪತ್ರದಲ್ಲಿ ಆಧಾರ್ ನಂಬರೂ ಇದ್ದು, ಪಕ್ಕದಲ್ಲೇ ಹೆಬ್ಬೆಟ್ಟೂ ಇದ್ದರೆ? ಬೀಗ, ಬೀಗದಕೈ ಎರಡನ್ನೂ ಒಂದೇ ಗೂಟಕ್ಕೆ ನೇತುಹಾಕಿದ ಹಾಗೆ. ಪಿನ್ ಕದ್ದರೆ ಪಿನ್ ಬದಲಿಸಬಹುದು. ಬೆರಳು ಎಲ್ಲಿಂದ ಬದಲಿಸೋದು?

ನಮ್ಮ ಚಿಕ್ಕಪ್ಪನಿಗೆ ಹೀಗೇ ಆಯಿತು. ಟೊಮೆಟೊ ಮಂಡಿಯಲ್ಲಿ ಬಾಕ್ಸ್ ಇಳಿಸುತ್ತಾ ಇರುವಾಗ ಮೆಸೇಜ್ ಬಂತಂತೆ, ಹತ್ತು ಸಾವಿರ ಹೋಯಿತು ಅಂತ. ಮಾರನೇ ದಿನ ಇನ್ನೊಂದು ಹತ್ತು. ಓದದೆ ಬಿಟ್ಟಿದ್ದರು, ದಿನಕ್ಕೆ ಇಪ್ಪತ್ತು ಮೆಸೇಜ್ ಬರುತ್ತವೆ, ಯಾವುದನ್ನು ಓದೋದು ಅಂತ. ಎಲ್ಲಿಂದ ಸೋರಿತೋ ಇವತ್ತಿಗೂ ಗೊತ್ತಾಗಿಲ್ಲ. ಬ್ಯಾಂಕಿನವರು ಪೊಲೀಸ್ ಅಂದರು, ಪೊಲೀಸರು ಬ್ಯಾಂಕ್ ಅಂದರು.

ಮಾಡಬೇಕಾದ್ದು ಇಷ್ಟು. ಆಧಾರ್ ಆ್ಯಪ್‌ನಲ್ಲಿ ಬಯೋಮೆಟ್ರಿಕ್ ಲಾಕ್ ಅಂತ ಇದೆ, ಮೊಮ್ಮಗನ ಕೈಲಿ ಹಾಕಿಸಿ. ಒಂದು ತೊಂದರೆ: ಲಾಕ್ ಹಾಕಿದರೆ ರೇಷನ್ ಅಂಗಡಿಯಲ್ಲೂ ನಿಮ್ಮ ಬೆರಳು ತೆಗೆದುಕೊಳ್ಳುವುದಿಲ್ಲ. ಅಕ್ಕಿ ತರುವ ದಿನ ತೆಗೆದು ಮತ್ತೆ ಹಾಕಬೇಕು. ರಗಳೆ ಹೌದು. ಹಣ ಹೋದದ್ದು ಕಂಡ ತಕ್ಷಣ 1930ಕ್ಕೆ ಫೋನ್ ಮಾಡಿ, ಬ್ಯಾಂಕಿಗೂ ಬರೆದು ಕೊಡಿ, ಸ್ವೀಕೃತಿ ತೆಗೆದುಕೊಳ್ಳಿ. ತಪ್ಪು ನಿಮ್ಮದಲ್ಲದಿದ್ದರೆ, ಮೂರು ಕೆಲಸದ ದಿನದೊಳಗೆ ದೂರು ಕೊಟ್ಟವರ ಮೇಲೆ ನಷ್ಟ ಹಾಕಬಾರದು ಅಂತ ರಿಸರ್ವ್ ಬ್ಯಾಂಕ್ 2017ರಲ್ಲೇ ಹೇಳಿದೆ. ಚಿಕ್ಕಪ್ಪ ದೂರು ಕೊಡೋಕೆ ಹೋದದ್ದು ಒಂಬತ್ತನೇ ದಿನ.

ಪ್ರಶ್ನೆ: ಶಿಡ್ಲಘಟ್ಟದಲ್ಲಿ ರೇಷ್ಮೆ ಗೂಡಿನ ವ್ಯಾಪಾರ ನಮ್ಮದು. ಯಾವ ಆ್ಯಪ್ ಹಾಕಿದರೂ ಫೋನ್ ಬುಕ್ಕು, ಫೋಟೊ, ಲೊಕೇಷನ್ ಎಲ್ಲ ಕೊಡಿ ಅನ್ನುತ್ತೆ, ಇಂಗ್ಲಿಷಿನಲ್ಲಿ ಮೂವತ್ತು ಪುಟ ಷರತ್ತು. ಓದದೆ ಒಪ್ಪಿಗೆ ಒತ್ತುತ್ತೇನೆ. ತಪ್ಪಾ ಅಕ್ಕಾ?

ಉತ್ತರ: ಎಲ್ಲರೂ ಒತ್ತುವುದು ಹಾಗೇ ತಂಗಿ. 2023ರ ವೈಯಕ್ತಿಕ ದತ್ತಾಂಶ ರಕ್ಷಣೆ ಕಾಯ್ದೆಯಲ್ಲಿ ಒಂದು ಒಳ್ಳೆಯ ಮಾತಿದೆ: ಒಪ್ಪಿಗೆ ಕೇಳುವ ನೋಟಿಸನ್ನು ಕನ್ನಡದಲ್ಲಿ ಓದುವ ಅವಕಾಶ ಕೊಡಬೇಕು, ಕೊಟ್ಟ ಒಪ್ಪಿಗೆಯನ್ನು ವಾಪಸ್ ತೆಗೆದುಕೊಳ್ಳೋದು ಕೊಟ್ಟಷ್ಟೇ ಸುಲಭ ಇರಬೇಕು. ಅದರ ನಿಯಮಗಳು ಬಂದದ್ದು 2025ರ ನವೆಂಬರ್‌ನಲ್ಲಿ. ಕಂಪನಿಗಳಿಗೆ ತಯಾರಾಗಲು 18 ತಿಂಗಳು ಟೈಮು. ಅಲ್ಲಿವರೆಗೆ ಟಾರ್ಚ್ ಆ್ಯಪ್ ಫೋನ್ ಬುಕ್ ಕೇಳಿದರೆ ಬೇಡ ಅನ್ನಿ, ಟಾರ್ಚ್ ಉರಿಯೋಕೆ ನಿಮ್ಮ ಅತ್ತೆ ನಂಬರ್ ಬೇಕಿಲ್ಲ. ಮದುವೆ ಕರೆಯೋಲೆ ಅಂತ ವಾಟ್ಸಾಪಿನಲ್ಲಿ ಎಪಿಕೆ ಫೈಲ್ (ಫೋನಿಗೆ ಆ್ಯಪ್ ಹಾಕುವ ಫೈಲ್) ಬಂದರೆ ಮುಟ್ಟಲೇ ಬೇಡಿ.

ಪ್ರಶ್ನೆ: (ಮತ್ತೆ ಮೇಷ್ಟ್ರು) ಬೆಂಗಳೂರಿನವರು ತೊಳೆದು ಬಿಟ್ಟ ನೀರನ್ನು ನಮ್ಮ ಕೆರೆಗೆ ತುಂಬಿಸಿ ಭಗೀರಥರ ಹಾಗೆ ಫೋಟೊ ತೆಗೆಸಿಕೊಂಡರು. ಎತ್ತಿನಹೊಳೆ ಎತ್ತಿನಹೊಳೆ ಅಂತ ಹತ್ತು ವರ್ಷದಿಂದ ಹೇಳ್ತಾನೇ ಇದ್ದಾರೆ. ನಾನು ಸಾಯೋದರೊಳಗೆ ನೋಡ್ತೀನಾ?

ಉತ್ತರ: ನಿಮ್ಮ ಆಯುಸ್ಸು ಗಟ್ಟಿ, ಪಶ್ಚಿಮ ಘಟ್ಟದ ನೀರನ್ನು ನಮ್ಮ ಕಡೆ ತರುವ ಎತ್ತಿನಹೊಳೆ ಯೋಜನೆ ಬಗ್ಗೆ ಅಷ್ಟು ಧೈರ್ಯವಾಗಿ ಹೇಳಲಾರೆ. 2014ರಲ್ಲಿ ಚಿಕ್ಕಬಳ್ಳಾಪುರದಲ್ಲಿ ಅಡಿಗಲ್ಲು ಹಾಕಿದರು. 8,323 ಕೋಟಿ ಅಂತ ಶುರುವಾದ ಲೆಕ್ಕ 23,251 ಕೋಟಿಗೆ ಹೋಯಿತು. 2024ರ ಸೆಪ್ಟೆಂಬರ್ 6ರಂದು ಸಕಲೇಶಪುರದ ಕಡೆ ಮೊದಲ ಹಂತದ ಪಂಪು ಚಾಲೂ ಮಾಡಿದರು. ನೀರು ಘಟ್ಟ ಹತ್ತಿತು, ನಿಜ. ಅಲ್ಲಿಂದ ಕೋಲಾರಕ್ಕೆ ಬರೋಕೆ ಕಾಲುವೆ ಬೇಕು, ಕಾಲುವೆಗೆ ಜಮೀನು ಬೇಕು, ನಡುವೆ ಕೊರಟಗೆರೆ ಕಡೆ ಭೈರಗೊಂಡ್ಲು ಜಲಾಶಯದ ಮುಳುಗಡೆ ತಕರಾರು ಇದೆ. ಒಟ್ಟು 24 ಟಿಎಂಸಿ ಅಂತಾರೆ, ಏಳು ಜಿಲ್ಲೆಗೆ ಹಂಚಬೇಕು. ಬಸಿದು ಬಸಿದು ನಮ್ಮ ಪಾಲಿಗೆ ಏನು ಉಳಿಯುತ್ತೆ ಅಂತ ನೀವೇ ಲೆಕ್ಕ ಹಾಕಿ, ಗಣಿತದ ಮೇಷ್ಟ್ರಲ್ವಾ.

ಬೆಂಗಳೂರಿನ ಕೊಳಚೆ ನೀರನ್ನು ಶುದ್ಧ ಮಾಡಿ ನಮ್ಮ ಕೆರೆಗಳಿಗೆ ತುಂಬಿಸುವ ಕೆ.ಸಿ. ವ್ಯಾಲಿ ಯೋಜನೆ ಬಗ್ಗೆ ಮಾತ್ರ ನಿಮ್ಮಷ್ಟು ಸಿಟ್ಟು ನನಗಿಲ್ಲ. 2018ರ ಜೂನ್‌ನಲ್ಲಿ ಲಕ್ಷ್ಮೀಸಾಗರ ಕೆರೆಗೆ ನೀರು ಬಂದಾಗ ನಾನೂ ನೋಡೋಕೆ ಹೋಗಿದ್ದೆ. ವರ್ಷಗಟ್ಟಲೆ ಜಾಲಿ ಬೆಳೆದು ನಿಂತಿದ್ದ ಕೆರೆ ಅದು. ಮುದುಕರು ಏರಿ ಮೇಲೆ ಕೂತು ಸುಮ್ನೆ ನೋಡುತ್ತಿದ್ದರು. ಮುಂದಿನ ತಿಂಗಳೇ ನೊರೆ ಬಂತು, ಹೈಕೋರ್ಟ್ ನಿಲ್ಲಿಸಿತು, ಆಮೇಲೆ ಸುಪ್ರೀಂ ಕೋರ್ಟ್‌ವರೆಗೂ ಹೋಗಿ ಮತ್ತೆ ಹರಿಯಿತು. ದಿನಕ್ಕೆ 440 ದಶಲಕ್ಷ ಲೀಟರ್, 126 ಕೆರೆ ಅನ್ನೋದು ಯೋಜನೆ. ಸಾವಿರ ಅಡಿ ಮೀರಿ ಕೊರೆದು ಧೂಳು ನೋಡಿದವರಿಗೆ ಬೋರ್‌ವೆಲ್‌ನಲ್ಲಿ ಮತ್ತೆ ನೀರು ಕಂಡರೆ ಏನನ್ನಿಸುತ್ತೆ ಅಂತ ನಿಮಗೆ ಹೇಳಬೇಕಿಲ್ಲ.

ಹಾಗಂತ ಬಾಯಿ ಮುಚ್ಚಿಕೊಂಡು ಇರಬೇಕಾ? ಇಲ್ಲ. ಆ ನೀರು ಎರಡನೇ ಹಂತದವರೆಗೆ ಮಾತ್ರ ಶುದ್ಧ ಆಗುತ್ತೆ. ಕೊಳೆ, ಕಸ ಬಹುಪಾಲು ಹೋಗುತ್ತೆ. ಆದರೆ ಸೋಪಿನ ಪುಡಿಯಲ್ಲಿರುವ ರಂಜಕ, ನೈಟ್ರೇಟು, ಕಾರ್ಖಾನೆಯ ಲೋಹ ಸೇರಿದ್ದರೆ ಅದು, ಇವೆಲ್ಲ ಪೂರ್ತಿ ಹೋಗುವುದಿಲ್ಲ. ಮೂರನೇ ಹಂತ ಮಾಡಿ ಅಂತ ಹೋರಾಟಗಾರರು ಮೊದಲಿಂದ ಕೇಳುತ್ತಿರೋದು ಅದಕ್ಕೇ. ರಂಜಕ ತಿಂದು ಕೆರೆ ತುಂಬ ಕಳೆ ಹಬ್ಬುತ್ತೆ. ತಮಾಷೆ ನೋಡಿ, ಅಂತರಗಂಗೆ ಅಂತ ನಮ್ಮ ಬೆಟ್ಟದಲ್ಲಿ ಬಸವನ ಬಾಯಿಂದ ತಿಳಿನೀರು ಬೀಳುವ ಜಾಗಕ್ಕೂ ಹೇಳುತ್ತೇವೆ, ಕೆರೆ ಮುಚ್ಚುವ ಆ ಕಳೆಗೂ ಅದೇ ಹೆಸರು.

ನಿಮ್ಮ ಹಸುವಿನ ಲೆಕ್ಕ ಬೆಂಗಳೂರಿಗೆ ಹೋಯಿತು, ಬೆಂಗಳೂರಿನ ಬಚ್ಚಲು ನೀರು ನಿಮ್ಮ ಹಸು ಕುಡಿಯುವ ಕೆರೆಗೆ ಬಂತು. ಮೊದಲನೆಯದರಲ್ಲಿ ನೀವು ಏನೂ ಮುಚ್ಚಿಡಲಿಲ್ಲ. ಎರಡನೆಯದರಲ್ಲಿ ಏನಿದೆ ಅಂತ ಕೆರೆ ಏರಿ ಮೇಲೆ ಒಂದು ಬೋರ್ಡಾದರೂ ಇದೆಯಾ? ಇದ್ದರೆ ನನಗೆ ಫೋಟೊ ಕಳಿಸಿ. ಇಲ್ಲದಿದ್ದರೆ ಅರ್ಜಿ ಹಾಕಿ: ಸಣ್ಣ ನೀರಾವರಿ ಇಲಾಖೆಗೆ, 10 ರೂಪಾಯಿ ಕಟ್ಟಿ, ನಿಮ್ಮೂರ ಕೆರೆ ನೀರಿನ ಪರೀಕ್ಷೆ ವರದಿ ಕೊಡಿ ಅಂತ. 30 ದಿನದಲ್ಲಿ ಉತ್ತರ ಬರಬೇಕು.

ಹೊಸ ದತ್ತಾಂಶ ಕಾಯ್ದೆ ಬಂದ ಮೇಲೆ ಮಾಹಿತಿ ಹಕ್ಕು ಸತ್ತೇ ಹೋಯಿತು ಅಂತ ಬರೆದಿದ್ದೀರಿ. ಸತ್ತಿಲ್ಲ, ಪೆಟ್ಟು ಬಿದ್ದಿದೆ. ಮೊದಲು ಒಬ್ಬರ ವೈಯಕ್ತಿಕ ಮಾಹಿತಿ ಕೊಡಲ್ಲ ಅನ್ನಬೇಕಾದರೆ ಇದಕ್ಕೂ ಸಾರ್ವಜನಿಕ ಕೆಲಸಕ್ಕೂ ಸಂಬಂಧ ಇಲ್ಲ ಅಂತ ತೋರಿಸಬೇಕಿತ್ತು. ಈಗ ವೈಯಕ್ತಿಕ ಅಂದರೆ ಸಾಕು. ಯಾವ ಕಂಟ್ರಾಕ್ಟರಿಗೆ ಎಷ್ಟು ಬಿಲ್ ಆಯಿತು ಅಂತ ಕೇಳಿದರೂ ವೈಯಕ್ತಿಕ ಅನ್ನುವವರು ಹುಟ್ಟುತ್ತಾರೆ, ನೋಡ್ತಾ ಇರಿ. ಜನಹಿತ ದೊಡ್ಡದು ಅನ್ನಿಸಿದರೆ ಕೊಡಬಹುದು ಅನ್ನುವ ಮಾಹಿತಿ ಹಕ್ಕು ಕಾಯ್ದೆಯ 8(2)ನೇ ಕಲಂ ಇನ್ನೂ ಉಳಿದಿದೆ, ಮೇಲ್ಮನವಿಯಲ್ಲಿ ಅದನ್ನು ಹಿಡಿದು ಬರೆಯಿರಿ. ಕೆರೆ ನೀರಂತೂ ಯಾರ ವೈಯಕ್ತಿಕವೂ ಅಲ್ಲ.

ಪ್ರಶ್ನೆ: ಪಾವಗಡದ ನಮ್ಮ ಜಮೀನು ಸೋಲಾರ್‌ಗೆ ಕೊಟ್ಟಿದ್ದೇವೆ. ಪರಿಸರಕ್ಕೆ ಒಳ್ಳೇದು ಅಂತಾರೆ. ಹೌದಾ?

ಉತ್ತರ: ಕಲ್ಲಿದ್ದಲಿಗೆ ಹೋಲಿಸಿದರೆ ಹೌದು. 13,000 ಎಕರೆ, 2,050 ಮೆಗಾವಾಟ್, ಹೊಗೆ ಇಲ್ಲ. ಎಕರೆಗೆ ವರ್ಷಕ್ಕೆ 21,000 ರೂಪಾಯಿಂದ ಗುತ್ತಿಗೆ ಶುರುವಾಯಿತು, ಮಳೆ ಕೈಕೊಟ್ಟ ಕಡಲೆಕಾಯಿ ಹೊಲಕ್ಕೆ ಅದು ಕಡಿಮೆಯಲ್ಲ. ಆದರೆ ಬಾಡಿಗೆ ಸಿಗೋದು ಪಹಣಿ ಇದ್ದವರಿಗೆ. ಅದೇ ಹೊಲದಲ್ಲಿ ಕೂಲಿ ಮಾಡುತ್ತಿದ್ದವರಿಗೆ, ಕುರಿ ಮೇಯಿಸುತ್ತಿದ್ದವರಿಗೆ? ಮುಂದಿನ ಪತ್ರದಲ್ಲಿ ನಿಮ್ಮೂರಲ್ಲಿ ಅವರೆಲ್ಲ ಈಗ ಏನು ಮಾಡುತ್ತಿದ್ದಾರೆ ಅಂತ ಬರೆದು ತಿಳಿಸಿ.

ಪ್ರಶ್ನೆ: (ಮೇಷ್ಟ್ರ ಕೊನೇ ಪುಟದ ಅಂಚಿನಲ್ಲಿ) ದಯವಿಟ್ಟು ನನ್ನ ಹೆಸರು, ಊರಿನ ಹೆಸರು, ಫೋನ್ ನಂಬರ್ ಹಾಕಬೇಡಿ. ಈ ಕಾಲದಲ್ಲಿ ಯಾರನ್ನೂ ನಂಬೋ ಹಾಗಿಲ್ಲ.

ಉತ್ತರ: ಹಾಕಿಲ್ಲ ಮೇಷ್ಟ್ರೇ, ತಾಲ್ಲೂಕು ಮಾತ್ರ ಹೇಳಿದ್ದೇನೆ. ಆದರೆ ಪತ್ರ ನಿಮ್ಮದೇ ಅಂತ ನಂಬಿಸೋಕೆ ಜೊತೆಗೆ ಆಧಾರ್ ಕಾರ್ಡಿನ ಎರಡೂ ಬದಿಯ ಜೆರಾಕ್ಸ್ ಪಿನ್ ಮಾಡಿ, ಕೆಳಗೆ ಸಹಿ ಬೇರೆ ಹಾಕಿ ಕಳಿಸಿದ್ದೀರಲ್ಲ, ಯಾರು ಕೇಳಿದ್ದರು? ಹರಿದು ಒಲೆಗೆ ಹಾಕಿದ್ದೇನೆ.